ಹೊಟ್ಟಿ ಆಕೀದು, ಆಕೀಗೆ ಹೇಳ್ರಿ

ಮೂವತ್ತೆರಡನೆಯ ವಯಸ್ಸಿಗೇ ಆಕೆಯ ತಲೆಗೂದಲು ಬುಡದಿಂದ ತುದಿಯವರೆಗೆ ಬೆಳ್ಳಗಾಗಿತ್ತು. ಸೊಂಟದ ಕೆಳಗೆ ಇಳಿಯುವ ದಪ್ಪ ಜಡೆ. ಬಣ್ಣ ಮಾತ್ರ ಆಗತಾನೆ ಬಿಡಿಸಿ ತಂದ ಅರಳೆಯದು. ಹಿಂದಿನಿಂದ ಕಂಡವರು "ಯಮ್ಮಾ, ಸ್ವಲ್ಪ ಸರದು ನಿಂದ್ರು" ಎಂದು ಮುದುಕಿಯನ್ನು ಮಾತಾಡಿಸಿದಂತೆ ಮಾತಾಡಿಸುವರು. ಆಕೆ ತಿರುಗಿದ ಕೂಡಲೇ ಹರೆಯದ ಮುಖ, ಗಂಟುಬಿದ್ದ ಹುಬ್ಬು ಕಂಡು ತಬ್ಬಿಬ್ಬಾಗುವರು. ಮೆಹಂದಿ ಹಚ್ಚಿಕೋ, ಬಣ್ಣ ಹಚ್ಚಿಕೋ ಎಂದು ಓಣಿಯ ಹೆಂಗಸರು ಹೇಳಿ ಹೇಳಿ ಸೋತಿದ್ದರು.

"ಯಾಕ ಹಚ್ಚಲಿ? ಯಾರಿಂದ ಹಿಂಗಾತೋ ಅವರು ಮುಂಜಾನೆದ್ದು ದಿನಾ ನೋಡ್ಲಿ," ಎನ್ನುತ್ತಿದ್ದಳು. ನಮ್ಮ ಅತ್ತೆ ಒಳಗೆ ಕುಳಿತಿದ್ದರೆ ಆ ಮಾತನ್ನು ಎರಡು ಸಲ ಹೇಳುತ್ತಿದ್ದಳು.

ಆಕೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದೇ ಕರೆದೆ. ಯರಗುಪ್ಪಿಯಿಂದ ಕುಬಿಹಾಳದ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದ ದಿನ, ಬಾಗಿಲಲ್ಲಿ ಬಿಳಿ ತಲೆ ಕಂಡು, ಯಾರೋ ಹಿರಿಯರಿರಬೇಕು ಎಂದು ಬಗ್ಗಿ ಕಾಲು ಮುಟ್ಟಲು ಹೋಗಿದ್ದೆ. ಆಕೆ ನನ್ನ ತೋಳು ಹಿಡಿದು ಮೇಲೆತ್ತಿದಳು.

"ಏಳು, ತಂಗಿ. ನಿನಗಿಂತ ಒಂದ್ ಐದಾರು ವರ್ಷ ದೊಡ್ಡಾಕಿ ಇರಬೇಕು ನಾ, ಅಷ್ಟ. ಈ ಮನ್ಯಾಗ ಬಗ್ಗೂದು ಬಾಳ ಐತಿ. ಈಗಿಂದ ಚಾಲೂ ಮಾಡಬ್ಯಾಡ."

ಸುತ್ತ ನಿಂತ ಬೀಗರು ನಕ್ಕರು. ಆಕೆ ನಗಲಿಲ್ಲ.

ಆಕೆಯ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಕುಂದಗೋಳದ ಬಸ್ಸಿನವರು ನಮ್ಮ ನಿಲುಗಡೆಯಲ್ಲಿ ನಿಲ್ಲಿಸದೆ ಹೋಗುವ ರೂಢಿ ಮಾಡಿಕೊಂಡಾಗ, ಒಂದು ಮುಂಜಾನೆ ರಸ್ತೆಯ ನಡುವೆ ಬುಟ್ಟಿ ಇಟ್ಟು ಅದರ ಪಕ್ಕ ತಾನೂ ಕುಳಿತು, ಒದರಾಡಿ ಬಸ್ಸು ನಿಲ್ಲಿಸಿದ್ದಳು. ಎಮ್ಮೆಯೊಂದರ ಜೊತೆ ಮಾತ್ರ ಮೆತ್ತಗೆ ಮಾತಾಡುತ್ತಿದ್ದಳು. ಚಹಾವನ್ನು ನೀರು ಕುಡಿಯುವ ತಂಬಿಗೆಯಲ್ಲಿ ಕುಡಿಯುತ್ತಿದ್ದಳು. ಕುಂದಗೋಳದಲ್ಲಿ ಹಾಡಿಕೆ ಇದೆ ಎಂದು ತಿಳಿದರೆ ಕೆಲಸ ಬಿಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ರಾಗ ತಾಳ ತಿಳಿಯುತ್ತದೆಯೇ ಎಂದು ನಾನೊಮ್ಮೆ ಕೇಳಿದೆ.

"ಎಲ್ಲಿ ತಿಳೀತೈತಿ? ಆದರ ನೋಡು, ಅವರು ಎಷ್ಟೊತ್ತು ಬೇಕಾದ್ರೂ ಒದರಬಹುದು. ಯಾರೂ ಸುಮ್ಕಿರು ಅನ್ನೂದಿಲ್ಲ."

ಮನೆಯಲ್ಲಿ ಯಾರ ಬಗ್ಗೆ ಏನು ತೀರ್ಮಾನವಾದರೂ ಆಕೆಯದು ಒಂದೇ ಪ್ರಶ್ನೆ. ಪಕ್ಕದ ಮನೆಯ ಹುಡುಗಿಯನ್ನು ಕಾಲೇಜು ಬಿಡಿಸುತ್ತಾರಂತೆ, "ಆಕಿನ್ನ ಕೇಳಿದ್ರೇನು?" ಓಣಿಯ ಕೊನೆಯ ಮನೆಯ ಮಗಳನ್ನು ಸೋದರಮಾವನಿಗೆ ಕೊಡುತ್ತಾರಂತೆ, "ಆಕಿನ್ನ ಕೇಳಿದ್ರೇನು?" ಕೇಳುವುದು ಎಂಬ ಪದ್ಧತಿಯೇ ಇಲ್ಲದ ಕಡೆ ಈ ಪ್ರಶ್ನೆ ಜನರಿಗೆ ಹುಚ್ಚಿನಂತೆ ಕಾಣುತ್ತಿತ್ತು. ನನಗೂ ಮೊದಲು ಹಾಗೆಯೇ ಕಂಡಿತ್ತು.

ಮದುವೆಯಾದ ಮರುವರ್ಷ ನಾನು ಬಸುರಾದೆ. ದಿನ ತುಂಬಿದರೂ ಕೂಸು ತಲೆ ಕೆಳಗೆ ಮಾಡಲಿಲ್ಲ. ಕುಂಡೆ ಕೆಳಗಾಗಿ ಕೂತುಬಿಟ್ಟಿತ್ತು. ತಾಲೂಕಿನ ಒಂದು ಖಾಸಗಿ ದವಾಖಾನೆಯಲ್ಲಿ ಕೊಯ್ದು ತೆಗೆದರು. ಹೆಣ್ಣು ಕೂಸು, ಗುಂಡಗೆ, ಗಟ್ಟಿ ದನಿಯದು. ನನ್ನ ಹೊಲಿಗೆ ಮಾತ್ರ ಕೀವು ತುಂಬಿತು. ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಳ್ಳಲು ಆಗದೆ ವಾರಗಟ್ಟಲೆ ಮಲಗಿದೆ. ನೋಡಲು ಬಂದವರೆದುರು ನಮ್ಮ ಅತ್ತೆ ದಿನವೂ ಒಂದೇ ಮಾತು ಹೇಳುತ್ತಿದ್ದರು: "ಇಕೀ ಎಲ್ಲಿ ಹಡದಾಳ? ಡಾಕ್ಟರ್ ತಗದು ಕೊಟ್ಟಾರ, ಇಕಿ ತಗೊಂಡಾಳ."

ಸಾಮಾನು ಕೊಂಡು ತಂದವಳ ಬಗ್ಗೆ ಮಾತಾಡಿದ ಹಾಗೆ. ಬಂದ ಹೆಂಗಸರು ಹೂಂಗುಡುತ್ತಿದ್ದರು. ಅವರಲ್ಲಿ ಐದಾರು ಹೆತ್ತವರಿದ್ದರು, ಒಂದೆರಡು ಮಣ್ಣು ಮಾಡಿದವರೂ ಇದ್ದರು. ಹಾಸಿಗೆಯಲ್ಲಿ ಹೊಲಿಗೆ ಹಿಡಿದು ಮಲಗಿದ ಹೆಣ್ಣಿನ ಮುಂದೆ ಈ ಮಾತಾಡಬಾರದು ಎಂದು ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಆ ಮಾತಿಗೆ ನನ್ನಲ್ಲಿ ಇವತ್ತಿಗೂ ಕ್ಷಮೆಯಿಲ್ಲ.

ಕೂಸಿಗೆ ಎರೆಯುವ ಕೆಲಸ ಅಕ್ಕನದು. ಒಂದು ದಿನ ಬಚ್ಚಲಲ್ಲಿ ಕಾಲು ಚಾಚಿ, ಅದರ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಬಿಸಿನೀರು ಎರೆಯುತ್ತಾ ನನಗೆ ತನ್ನ ಕತೆ ಹೇಳಿದಳು. ನಾನು ಹೊಸ್ತಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ.

ಆಕೆಯ ಮೊದಲ ಮಗಳೂ ಕೊಯ್ದು ತೆಗೆದ ಕೂಸೇ. ಬೇನೆ ತಿಂದೂ ತಿಂದೂ ಕೂಸು ಇಳಿಯದೆ ಹೋದಾಗ ಹುಬ್ಬಳ್ಳಿಗೆ ಒಯ್ದಿದ್ದರು. ಎರಡನೆಯ ಸಲ ಬಸುರಾದಾಗ ದವಾಖಾನೆಯವರು, ದಿನ ತುಂಬುವ ಮೊದಲೇ ಬಂದು ಸೇರಬೇಕು, ಮನೆಯಲ್ಲಿ ಬೇನೆ ತಿನ್ನಬಾರದು ಎಂದು ಹೇಳಿ ಕಳಿಸಿದ್ದರು. ಅತ್ತೆಗೆ ಅದು ಸರಿಬರಲಿಲ್ಲ. ಎರಡನೇ ಸಲವೂ ಕೊಯ್ದರೆ ಅದರ ಜೊತೆಗೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಕಳಿಸುತ್ತಾರೆ. ಇದೂ ಹೆಣ್ಣಾದರೆ ಮುಂದೇನು? ಮೇಲಾಗಿ ಎರಡು ಸಲ ಕೊಯ್ಸಿಕೊಂಡ ಸೊಸೆ ಹೊಲದಲ್ಲಿ ಯಾವ ಕೆಲಸಕ್ಕೆ ಬಂದಾಳು?

"ಮುಂಜಾನೆ ರೊಟ್ಟಿ ಮಾಡೂ ಮುಂದ ಬ್ಯಾನಿ ಚಾಲೂ ಆದ್ವು," ಎಂದಳು ಅಕ್ಕ. "ಗಾಡಿ ತರಸ್ರಿ ಅಂದೆ. ಅತ್ತಿ, ಇನ್ನಷ್ಟು ತಡಿ, ತಾನ ಆಗತೈತಿ ಅಂದ್ರು. ನಿಮ್ಮ ಭಾವನ ಮುಖ ನೋಡಿದೆ. ಅವ್ವ ತಡಿ ಅಂತಾಳಲ್ಲ, ತಡಿ ಅಂದ. ತಡದೆ. ಮಧ್ಯಾಹ್ನಕ್ಕ ಬ್ಯಾನಿ ಒಮ್ಮಿಂದೊಮ್ಮೆಲೆ ನಿಂತ್ವು. ಎಲ್ಲಾರೂ, ಹಾಂ, ಆರಾಮಾತು ನೋಡು ಅಂದ್ರು. ಚಹಾ ಮಾಡಿದ್ರು."

ಕೂಸಿನ ಬೆನ್ನ ಮೇಲೆ ನೀರು ಎರೆಯುವ ಕೈ ನಿಂತಿತು.

"ನನಗ ಗೊತ್ತಾಗಿತ್ತು, ತಂಗಿ. ಒಳಗ ಏನೋ ಹರಿದಂಗಾಗಿತ್ತು. ಅವರು ಚಹಾ ಕುಡ್ಯಾಕತ್ತಿದ್ರು."

ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಕೂಸು ಹೋಗಿತ್ತು. ಗಂಡು ಕೂಸು. ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಸೀಳಿಹೋಗಿತ್ತು. ಆಕೆಯನ್ನು ಉಳಿಸಲು ಅದನ್ನು ತೆಗೆಯಬೇಕಾಯಿತು. ಎಚ್ಚರವಾದಾಗ ಪಕ್ಕದಲ್ಲಿದ್ದ ಡಾಕ್ಟರು ಆಕೆಗೇ ಬೈದರಂತೆ. ಹೊಟ್ಟೆಗೆ ಹೊಲಿಗೆ ಬಿದ್ದಾಕಿ ಇಷ್ಟೊತ್ತು ಮನೆಯಲ್ಲಿ ಯಾಕೆ ಕುಂತಿ, ನಿನಗೆ ಬುದ್ಧಿ ಬ್ಯಾಡಾ ಎಂದು.

"ಕುಂತಾಕಿ ನಾನಾ? ಕುಂಡರಿಸಿದವರು ಹೊರಗ ಕಟ್ಟಿ ಮ್ಯಾಲ ಇದ್ರು. ಅವರಿಗೆ ಯಾರೂ ಒಂದ ಮಾತ ಕೇಳ್ಲಿಲ್ಲ."

ಆ ವರ್ಷವೇ ಆಕೆಯ ತಲೆ ಬೆಳ್ಳಗಾದದ್ದು. ಹೇಳಿ ಮುಗಿಸಿ ಕೂಸಿಗೆ ಟಾವೆಲ್ ಸುತ್ತಿ ನನ್ನ ಮಡಿಲಿಗೆ ಕೊಟ್ಟಳು. "ನೀ ಹಡದೀ. ಹೊಟ್ಟಿ ಕೊಯ್ಸಿಕೊಂಡು ಹಡದೀ. ಅತ್ತಿ ಏನರ ಅಂದ್ರ ನನ್ನ ಕರಿ," ಎಂದು ಬಚ್ಚಲು ತೊಳೆಯತೊಡಗಿದಳು. ಮತ್ತೆಂದೂ ಆ ಕತೆಯನ್ನು ಬಿಡಿಸಿ ಹೇಳಲಿಲ್ಲ.

ಮಗಳಿಗೆ ಮೂರು ತುಂಬಿದ ಮೇಲೆ ನಾನು ಮತ್ತೆ ಬಸುರಾದೆ. ಅಷ್ಟೊತ್ತಿಗೆ ಊರಿನ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ದಿನವೂ ನಾಲ್ಕು ಪತ್ರಿಕೆ ಓದುತ್ತಿದ್ದೆ, ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಮನೆಯಲ್ಲಿ ಮಾತ್ರ ನನ್ನ ಬಾಯಿ ಏಳುತ್ತಿರಲಿಲ್ಲ.

ಮೊದಲಿನ ಖಾಸಗಿ ದವಾಖಾನೆಗೇ ಗಂಡನ ಜೊತೆ ತೋರಿಸಲು ಹೋದೆ. ಡಾಕ್ಟರು ನನ್ನ ಹೊಟ್ಟೆ ಮುಟ್ಟಿ ನೋಡಿದರು, ಮಾತಾಡಿದ್ದು ಗಂಡನ ಜೊತೆ. "ಮೊದಲನೇದು ಸಿಜೇರಿಯನ್ ಅಲ್ಲೇನ್ರಿ? ಹಂಗಾದ್ರ ಇದೂ ಅದ. ಒಂಬತ್ತರಾಗ ಒಂದು ಚಲೋ ದಿನ ನೋಡಿಕೊಂಡು ಬರ್ರಿ, ಮಾಡಿಬಿಡೂಣು."

ನಾನು ಸಣ್ಣಗೆ ಕೇಳಿದೆ, "ಸಾದಾ ಹೆರಿಗಿ ಆಗೂದಿಲ್ಲೇನ್ರಿ?"

"ನಿಮಗ ಅದೆಲ್ಲಾ ಯಾಕ್ರಿ? ಆರಾಮ ಇರ್ರಿ," ಎಂದು ಮುಂದಿನವರನ್ನು ಕರೆದರು.

ಮನೆಗೆ ಬಂದರೆ ಅತ್ತೆಯದು ಇನ್ನೊಂದು ಹಟ. ಕೊಯ್ಸುವ ಮಾತೇ ಬೇಡ, ಈ ಸಲ ಕೂಸು ಸರಿಯಾಗಿ ಕೂತಿದೆ, ಬೇನೆ ಬರಲಿ, ಮನೆಯಲ್ಲೇ ತಡೆದು ನೋಡೋಣ. ಗಂಡ ಡಾಕ್ಟರ ಕಡೆ, ಅತ್ತೆ ತನ್ನ ಕಡೆ. ಹೊಲದ ಬದುವಿನ ಜಗಳ ಮಾಡಿದ ಹಾಗೆ ನನ್ನ ಹೊಟ್ಟೆಯ ಮೇಲೆ ಇಬ್ಬರೂ ವಾದ ಮಾಡುತ್ತಿದ್ದರು. ನಾನು ಪಕ್ಕದಲ್ಲೇ ಪಲ್ಯ ಸೋಸುತ್ತಾ ಕುಳಿತಿರುತ್ತಿದ್ದೆ. ಕಣ್ಣೆತ್ತಿ ನನ್ನ ಕಡೆ ನೋಡಿದವರಿಲ್ಲ.

ನನಗೆ ಏನು ಬೇಕಿತ್ತು? ಸಾದಾ ಹೆರಿಗೆ ಆಗುವುದಾದರೆ ಆಗಲಿ ಎಂಬ ಆಸೆ ಇತ್ತು. ಕೀವು ತುಂಬಿದ ಹೊಲಿಗೆ, ಅಳುವ ಕೂಸನ್ನು ಎತ್ತಲಾಗದ ಆ ವಾರಗಳು ಮತ್ತೆ ಬೇಡವಾಗಿತ್ತು. ಆದರೆ ಈ ಆಸೆ ನನ್ನದೋ, ಅತ್ತೆಯ ಚುಚ್ಚುಮಾತು ನನ್ನೊಳಗೆ ಕೂತು ಆಡಿಸುತ್ತಿದೆಯೋ ಎಂದು ತಿಳಿಯುತ್ತಿರಲಿಲ್ಲ. ಇದು ಎಂಥ ಸ್ಥಿತಿ ನೋಡಿ. ಮಾತಿನಿಂದ ಒಬ್ಬಳನ್ನು ಎಷ್ಟು ತುಳಿಯಬಹುದೆಂದರೆ, ತನ್ನ ಮೈಯ ಬಗ್ಗೆ ತನಗೇನು ಬೇಕು ಎಂಬುದೂ ಆಕೆಗೆ ಗೊತ್ತಾಗದಂತೆ ಮಾಡಬಹುದು.

ಅಕ್ಕನಿಗೆ ಹೇಳಲು ಹೆದರಿದೆ. ಹೊಲಿಗೆ ಹರಿದು ಕೂಸನ್ನು ಕಳೆದುಕೊಂಡವಳ ಮುಂದೆ, ನಾನೂ ಬೇನೆ ತಿಂದು ನೋಡುತ್ತೇನೆ ಎಂದು ಯಾವ ಬಾಯಿಂದ ಹೇಳುವುದು? ಕೊನೆಗೆ ಒಂದು ಸಂಜೆ, ಅಂಗಳದಲ್ಲಿ ಇಬ್ಬರೂ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಗ ಹೇಳಿಬಿಟ್ಟೆ. ಆಕೆ ಕೈ ಝಾಡಿಸಿ ಎದ್ದಳು, ಎಮ್ಮೆಯ ಕಡೆ ಹೋದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ಮುಂಜಾನೆ ಒಗೆದ ಸೀರೆ ಉಟ್ಟು ಬಂದು ನಿಂತಳು.

"ಏಳು, ಹುಬ್ಬಳ್ಳಿಗೆ ಹೋಗೂಣು. ಅಲ್ಲಿ ಸರಕಾರಿ ದವಾಖಾನ್ಯಾಗ ಒಬ್ಬಾಕಿ ಡಾಕ್ಟರ್ ಅದಾಳಂತ, ಕೂಡಿಸಿಕೊಂಡು ಹೇಳತಾಳಂತ."

ಆ ಡಾಕ್ಟರು ನಡುವಯಸ್ಸಿನವರು. ಹಳೆಯ ಕಾಗದ ನೋಡಿ, ನನ್ನನ್ನು ಪರೀಕ್ಷೆ ಮಾಡಿ, ಎದುರು ಕುಳಿತರು. ಅಕ್ಕನ ಬಿಳಿ ತಲೆ ನೋಡಿ ನನ್ನ ಅತ್ತೆ ಎಂದುಕೊಂಡರು. "ನೋಡ್ರಿ ಅಮ್ಮಾ, ನಿಮ್ಮ ಸೊಸೀಗೆ..." ಎಂದು ಆಕೆಗೇ ಹೇಳಲು ಶುರುಮಾಡಿದರು.

"ಹೊಟ್ಟಿ ಆಕೀದು, ಆಕೀಗೆ ಹೇಳ್ರಿ," ಎಂದಳು ಅಕ್ಕ.

 ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ನನ್ನ ಬದುಕಿನಲ್ಲಿ ಡಾಕ್ಟರೊಬ್ಬರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಮೊದಲನೇ ಸಲ ಕೂಸು ತಿರುವಾಗಿತ್ತು, ಅದಕ್ಕ ಕೊಯ್ದಾರ. ಈ ಸಲ ತಲಿ ಕೆಳಗೈತಿ. ಒಳಗಿನ ಹೊಲಿಗಿ ಅಡ್ಡ ಐತಿ. ಹಿಂಗಿದ್ದವರು ಸಾದಾ ಹೆರಿಗಿಗೆ ಪ್ರಯತ್ನ ಮಾಡಬಹುದು, ಬಾಳ ಮಂದಿಗೆ ಆಗತೈತಿ. ಕೆಲವರಿಗೆ ನಡುವ ನಿಂತು ಕೊಯ್ಯಬೇಕಾಗತೈತಿ. ಅಗದಿ ಕಡಿಮಿ ಮಂದಿಗೆ ಹಳೇ ಹೊಲಿಗಿ ಬ್ಯಾನಿ ತಡಕೊಳ್ಳದ ಬಿಡತೈತಿ. ಬಿಟ್ರ ನಿಮಗೂ ಕೂಸಿಗೂ ಜೀವಕ್ಕ ಅಪಾಯ. ಅದಕ್ಕ ಮನ್ಯಾಗ ಬ್ಯಾನಿ ತಿನ್ನೂ ಹಂಗಿಲ್ಲ, ಇಲ್ಲೇ ಆಗಬೇಕು. ಇನ್ನ ಸೀದಾ ಕೊಯ್ಸಿಕೊಳ್ಳೂದು. ಅದು ತಿಳಿದಿದ್ದ ದಾರಿ, ಬ್ಯಾನಿ ತಿನ್ನೂದಿಲ್ಲ, ಹೊಲಿಗಿ ಬಿಡೂ ಭಯ ಬಾಳ ಕಡಿಮಿ. ಆದರ ಅದೂ ದೊಡ್ಡ ಆಪರೇಷನ್. ಗಾಯ ಮಾಯಬೇಕು. ಮುಂದ ಇನ್ನೊಂದು ಕೂಸು ಬೇಕಂದ್ರ ಸಲ ಸಲಕ್ಕೂ ಕಷ್ಟ ಹೆಚ್ಚಾಗತೈತಿ, ಮಾಸು ಹಳೇ ಗಾಯಕ್ಕ ಅಂಟಿಕೊಂಡು ಕಾಡಬಹುದು. ಎರಡರಾಗೂ ಒಳ್ಳೇದೈತಿ, ಎರಡರಾಗೂ ಅಂಜಿಕಿ ಐತಿ. ವಿಚಾರ ಮಾಡಿ ಹೇಳ್ರಿ."

ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತು? ಒಂದು ಚಹಾ ಆರುವಷ್ಟು. ಇಷ್ಟನ್ನು ಮೊದಲಿನವರು ಯಾಕೆ ಹೇಳಲಿಲ್ಲ? ಅಕ್ಕನಿಗೆ, ಅಕ್ಕನಂಥ ಎಷ್ಟೋ ಮಂದಿಗೆ ಯಾಕೆ ಯಾರೂ ಎದುರು ಕೂಡಿಸಿಕೊಂಡು ಹೇಳಲಿಲ್ಲ? ಕೇಳಿಸಿಕೊಳ್ಳುತ್ತಿದ್ದಂತೆ ನನ್ನ ಕಿವಿ ಬಿಸಿಯಾಗುತ್ತಿದ್ದುದು ನೆನಪಿದೆ.

ಅಕ್ಕ ಅಷ್ಟೂ ಹೊತ್ತು ಕಿಟಕಿ ನೋಡುತ್ತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು. "ಹರದ್ರ, ಎಷ್ಟೊತ್ತಿನ್ಯಾಗ ತಗೀತೀರಿ?"

ಡಾಕ್ಟರು ಆಕೆಯನ್ನು ಆಗ ಸರಿಯಾಗಿ ನೋಡಿದರು. "ಆಪರೇಷನ್ ಕೋಲಿ ಬಾಜೂಕ ಐತ್ರಿ. ಮೈ ಮರಸೂ ಡಾಕ್ಟರ್ ಯಾವಾಗ್ಲೂ ಇಲ್ಲೇ ಇರತಾರ. ತಡ ಮಾಡೂದಿಲ್ಲ. ಆದರೂ ಏನೂ ಆಗೂದಿಲ್ಲ ಅಂತ ನಾ ಭಾಷೆ ಕೊಡಾಕ ಬರೂದಿಲ್ರಿ." ಮೆಲ್ಲಗೆ ಕೇಳಿದರು, "ನಿಮಗ ಆಗಿತ್ತೇನ್ರಿ?"

"ಹೌದ್ರಿ."

ಬಸ್ಸಿನಲ್ಲಿ ಬರುವಾಗ ನಾನು ಆಕೆಯ ಬೆನ್ನು ಬಿದ್ದೆ. "ಅಕ್ಕಾ, ನೀನ ಹೇಳು. ನೀ ಹೇಳಿದಂಗ ಮಾಡತೇನಿ."

ಆಕೆಗೆ ಎಲ್ಲಿಲ್ಲದ ಸಿಟ್ಟು ಬಂತು. ಮುಂದಿನ ಸೀಟಿನವರು ತಿರುಗಿ ನೋಡುವಂತೆ ಹೇಳಿದಳು: "ನಾ ಹೇಳಿದ್ರ ನಾನೂ ಅತ್ತೀನ ಆದೆ! ನನ್ನ ಕೇಳಿದ್ರ ಕೊಯ್ಸಿಕೋ ಅಂತೇನಿ. ಹರಿಯೂದು ಅನ್ನೂ ಮಾತು ಕೇಳಿದ್ರ ನನಗ ಊಟ ಸೇರೂದಿಲ್ಲ. ಆದರ ಅದು ನನ್ನ ಅಂಜಿಕಿ, ನನ್ನ ಹೊಟ್ಟೀದು. ಅದನ್ನ ನಿನಗ್ಯಾಕ ಉಡಸ್ಲಿ? ನಿನ್ನ ಮುಂದ ಡಾಕ್ಟರ್ ಎಲ್ಲಾ ಇಟ್ಟಾಳ. ನೀ ಆರಿಸು. ಯಾವುದನ್ನ ಆರಿಸಿದ್ರೂ ನಾ ಬಾಜೂಕ ನಿಂದರತೇನಿ. ಅಷ್ಟ."

ನಾನು ಒಂದು ವಾರಕ್ಕೂ ಹೆಚ್ಚು ಯೋಚಿಸಿದೆ. ಹುಬ್ಬಳ್ಳಿಯ ಆ ದವಾಖಾನೆಯಲ್ಲಿಯೇ, ದಿನ ತುಂಬುವ ಮೊದಲೇ ಅದರ ಹತ್ತಿರ ಹೋಗಿ ಇದ್ದು, ಸಾದಾ ಹೆರಿಗೆಗೆ ಪ್ರಯತ್ನ ಮಾಡುತ್ತೇನೆ, ಆಗದಿದ್ದರೆ ಕೊಯ್ಸಿಕೊಳ್ಳುತ್ತೇನೆ. ಹೀಗೆ ತೀರ್ಮಾನ ಮಾಡಿದೆ. ಹುಬ್ಬಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಾಗ ಹೇಳಿದೆ. ಗಂಡ, "ಮೊದಲಿನ ಡಾಕ್ಟರ್ ಏನಂತಾರೋ," ಎಂದ. ಅತ್ತೆ ರೊಟ್ಟಿ ಬುಟ್ಟಿಯನ್ನು ದೂಡಿದರು. "ಬ್ಯಾನಿ ಬರೂಕಿಂತ ಮೊದಲ ಹೋಗಿ ಅಲ್ಲೇನು ಗೋಡಿ ನೋಡ್ತಾ ಕುಂಡರತೀ? ಬ್ಯಾನಿ ಬರಲಿ, ಇನ್ನಷ್ಟು ತಡದು..."

ಮಾತು ಮುಗಿಯಲಿಲ್ಲ. ಅಕ್ಕ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಸಾರು ಚೆಲ್ಲಿ ಭಾವನ ತಾಟಿನವರೆಗೆ ಹರಿಯಿತು.

"ತಡೀಬೇಕೇನ್ರಿ? ನನ್ನ ತಡಿಸಿದ್ರಿ. ಏನ್ ಬಂತು? ಈ ಮನ್ಯಾಗ ನನ್ನ ಮಗನ ಕೊಂದವರು ಯಾರು ಅಂತ ಒಬ್ಬರಾದ್ರೂ ಕೇಳಿರೇನು? ನಾಗರಪೂಜಿ ಮಾಡ್ಸಿದ್ರಿ, ನನ್ನ ಹಣೇಬರಾ ಅಂದ್ರಿ, ನನ್ನ ಹೊಟ್ಟಿ ಕೆಟ್ಟದ್ದು ಅಂದ್ರಿ. ನಿಮ್ಮ ಬಾಯಿಂದ ಬಂದ ಮಾತು ಕೊಂತು ಅವನ್ನ. ಇನ್ನಷ್ಟು ತಡಿ ಅನ್ನೂ ಮಾತು."

ಭಾವ ತಾಟು ಬಿಟ್ಟು ಏಳಲು ಹೋದ.

"ಕುಂಡ್ರು!" ಎಂದಳು. ಗಂಡನನ್ನು ಆಕೆ ಹಾಗೆ ಮಾತಾಡಿಸಿದ್ದು ನಾನು ಕೇಳಿರಲಿಲ್ಲ. "ಆವತ್ತೂ ಹಿಂಗ ಎದ್ದು ಹೊರಗ ಹೋಗಿದ್ದಿ. ಇವತ್ತ ಕುಂತು ಕೇಳು."

ಆತ ಕುಳಿತ. ಸಾರು ಆತನ ಮೊಣಕಾಲಿನ ಹತ್ತಿರ ಹರಿದು ಬಂದು ನಿಂತಿತು. ಆತ ಅದನ್ನೇ ನೋಡುತ್ತಿದ್ದ. ಕಣ್ಣೆತ್ತದೆಯೇ, "ತಪ್ಪಾತು," ಎಂದ. ಅಷ್ಟು ವರ್ಷದಲ್ಲಿ ಆ ಸಾವಿನ ಬಗ್ಗೆ ಆತ ಆಡಿದ ಒಂದೇ ಮಾತು ಅದು. ಅಕ್ಕ ಅದಕ್ಕೆ ಕರಗಲಿಲ್ಲ. "ಗೊತ್ತೈತಿ," ಎಂದು ಬಟ್ಟೆ ತಂದು ನೆಲ ಒರೆಸಿದಳು. ಅತ್ತೆ ಎದ್ದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹುಬ್ಬಳ್ಳಿಗೆ ಹೋಗುವ ಬಗ್ಗೆ ಆಮೇಲೆ ಯಾರೂ ಚಕಾರ ಎತ್ತಲಿಲ್ಲ.

ಚಿಕ್ಕಮ್ಮನ ಮನೆಗೆ ಅಕ್ಕನೂ ಬಂದಳು. ಒಂದು ಮುಂಜಾನೆ ಬೇನೆ ಶುರುವಾದವು. ದವಾಖಾನೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತ ಕೇಳುವ ಯಂತ್ರ ಹಚ್ಚಿದರು. ನರ್ಸು ಒಳ್ಳೆಯವಳು, ಅಕ್ಕನನ್ನು ನನ್ನ ತಲೆಯ ಹತ್ತಿರ ನಿಲ್ಲಲು ಬಿಟ್ಟಳು. ಮಧ್ಯಾಹ್ನದವರೆಗೆ ಎಲ್ಲ ಸುರಳೀತವಾಗಿತ್ತು. ಇನ್ನೇನು ಆಗಿಬಿಡುತ್ತದೆ ಎಂದು ನನಗೆ ಖುಷಿಯೂ ಆಗಿತ್ತು. ಆಮೇಲೆ ಹಳೆಯ ಹೊಲಿಗೆಯ ಜಾಗದಲ್ಲಿ ಬೇರೆ ಥರದ ನೋವು ಬಂತು. ಬೇನೆ ಬಂದಾಗ ಬರುವುದು, ಬೇನೆ ಹೋದರೂ ಹೋಗದೆ ಅಲ್ಲಿಯೇ ಕುಳಿತಿರುವುದು. ಹೀಗಾದರೆ ಕೂಡಲೇ ಹೇಳಬೇಕೆಂದು ಡಾಕ್ಟರು ಮೊದಲೇ ತಿಳಿಸಿದ್ದರು. ಹೇಳಿದೆ. ನರ್ಸು ಓಡಿದಳು. ಡಾಕ್ಟರು ಬಂದು ಕೈಯಿಟ್ಟು ನೋಡಿದರು, ಯಂತ್ರ ನೋಡಿದರು.

"ಕೂಸು ಇನ್ನೂ ಆರಾಮೈತಿ. ಆದರ ಈ ನೋವು ನನಗ ಸೇರೂದಿಲ್ಲ. ಕೊಯ್ಯೂದು ಚಲೋ ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?"

ನಾನು ಅಕ್ಕನ ಕಡೆ ನೋಡಿದೆ. ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಅದನ್ನು ಕಚ್ಚಿ ಹಿಡಿದು, ಗೋಡೆ ನೋಡುತ್ತಾ ನಿಂತಿದ್ದಳು. ಬಸ್ಸನ್ನು ನಿಲ್ಲಿಸಿದ ಬಾಯಿ, ಅತ್ತೆಯನ್ನು ಅಡಗಿಸಿದ ಬಾಯಿ. ಒಳಗೆ ಏನು ಒದರುತ್ತಿತ್ತೋ ಆಕೆಗೇ ಗೊತ್ತು. ಆಕೆ ಒಂದು ಮಾತೂ ಆಡಲಿಲ್ಲ. ನನ್ನ ಮಾತಿಗಾಗಿ ಕಾದಳು.

"ತಗೀರಿ," ಎಂದೆ.

ನರ್ಸು ರೂಢಿಯಂತೆ, "ಗಂಡನ್ನ ಕೇಳಿಕೊಂಡು ಬರತೇನ್ರಿ," ಎಂದು, ಊರಿನಿಂದ ಬಂದು ಹೊರಗೆ ಕುಳಿತಿದ್ದ ನನ್ನ ಗಂಡನ ಕಡೆ ಹೊರಟಳು. ಆಗ ಅಕ್ಕ ಬಾಯಿಂದ ಸೆರಗು ತೆಗೆದಳು. "ಆಕಿ ಹೇಳಿದ್ಲಲ್ಲಾ? ನಡೀರಿ ಒಳಗ!"

ಡಾಕ್ಟರು, "ಹೌದು, ನಡೀರಿ," ಎಂದರು.

ಮತ್ತೆ ಹೆಣ್ಣು ಕೂಸು. ಒಳಗಿನ ಹಳೆಯ ಹೊಲಿಗೆ ಹಾಳೆಯಷ್ಟು ತೆಳುವಾಗಿ ಒಂದು ಕಡೆ ಬಿಡಲು ಶುರುವಾಗಿತ್ತು, ಸರಿಯಾದ ಹೊತ್ತಿಗೆ ಹೇಳಿದಿರಿ ಎಂದು ಡಾಕ್ಟರು ಆಮೇಲೆ ತಿಳಿಸಿದರು. ಇದನ್ನು ಕೇಳಿ ಅಕ್ಕ ಅಳಲಿಲ್ಲ. ಸೀದಾ ಹೊರಗೆ ಹೋಗಿ, ರಸ್ತೆಯಂಚಿನ ಗಾಡಿಯಲ್ಲಿ ಮಿರ್ಚಿ ಗಿರಮಿಟ್ಟು ಎರಡೆರಡು ಸಲ ತಿಂದು, ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತಾ ಬಂದಳು. ಖಾರಕ್ಕೆ ಎಂದಳು.

ಮರುದಿನ ಅತ್ತೆ ಬಂದರು. ಕೂಸಿನ ಮುಖವನ್ನು ಆಮೇಲೆ ನೋಡಿದರು, ಮೊದಲು ಹೇಳಿದ್ದು ಇದು: "ಕಡೀಕ ಕೊಯ್ದ್ರಲ್ಲ. ಕೊಯ್ಸೂದಿದ್ರ ಇಷ್ಟೆಲ್ಲಾ ಯಾಕ ಬೇಕಿತ್ತು?"

ಈ ಪ್ರಶ್ನೆಯನ್ನು ಆಮೇಲೆ ಬಹಳ ಮಂದಿ ಕೇಳಿದರು. ನನ್ನ ಗಂಡನೂ ಕೇಳಿದ. ಊರಿನಲ್ಲಿ ಓದಿಕೊಂಡವರೂ ಕೇಳಿದರು. ಆವತ್ತು ಅಕ್ಕ ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಾ ಉತ್ತರ ಕೊಟ್ಟಳು. "ಆಕಿ ನೋಡತೇನಿ ಅಂದ್ಲು, ನೋಡಿದ್ರು. ಆಕಿ ತಗೀರಿ ಅಂದ್ಲು, ತಗದ್ರು. ಅದಕ್ಕ ಬೇಕಿತ್ರಿ."

ಹೋದ ವರ್ಷ ಜೋಳದ ಕೊಯ್ಲಿನ ದಿನಗಳಲ್ಲಿ, ಹೊಲದಲ್ಲಿ ನೀರು ಕುಡಿಯಲು ಕುಳಿತ ಅಕ್ಕ ಹಾಗೆಯೇ ಒರಗಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆ ದಿನ ಯಾರೂ ತಡ ಮಾಡಲಿಲ್ಲ. ಭಾವನೇ ಎತ್ತಿಕೊಂಡು ಎರೆಹೊಲದ ಹೆಂಟೆಗಳಲ್ಲಿ ಎಡವುತ್ತಾ ರಸ್ತೆಯವರೆಗೆ ಓಡಿದ. ಹುಬ್ಬಳ್ಳಿಯ ದಾರಿಯಲ್ಲಿಯೇ ಪ್ರಾಣ ಹೋಯಿತು. ಬೈಯಲು ಯಾರೂ ಸಿಗದ ಸಾವು. ಆಕೆಗೆ ಇದು ಒಂಚೂರೂ ಸೇರುತ್ತಿರಲಿಲ್ಲ.

ಪಡಸಾಲೆಯಲ್ಲಿ ಗೋಡೆಗೆ ಕೂರಿಸಿ, ಹಸಿರು ಸೀರೆ ಉಡಿಸಿ, ಅರಿಶಿಣ ಕುಂಕುಮ ಹಚ್ಚಿ, ದಂಡೆ ಮುಡಿಸಿದ್ದರು. ಊರಿನ ಹೆಂಗಸರು ಸಾಲುಗಟ್ಟಿ ಬಂದರು. ಗಂಡನಿರುವಾಗ ಹೋದಳು, ಮುತ್ತೈದೆ ಸಾವು, ಪುಣ್ಯವಂತಿ ಎನ್ನುತ್ತಾ ಆಕೆಯ ಹಣೆಯ ಕುಂಕುಮವನ್ನು ಬೆರಳಿಗೆ ಹಚ್ಚಿ ತಮ್ಮ ಹಣೆಗೆ ಇಟ್ಟುಕೊಂಡರು. ನನ್ನ ಎರಡೂ ಬಸುರಿನ ಕುಬಸದ ಶಾಸ್ತ್ರದಲ್ಲಿ, ಕೂಸು ಕಳೆದುಕೊಂಡವಳು ಆರತಿ ಹಿಡಿಯಬಾರದು ಎಂದು ಆಕೆಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿದವರು ಇವರೇ. ಬದುಕಿದ್ದಾಗ ಬೇಡವಾದ ಕೈಯ ಪುಣ್ಯ ಸತ್ತ ಮೇಲೆ ಎಲ್ಲರಿಗೂ ಬೇಕಾಗಿತ್ತು. ನಾನು ಹಲ್ಲು ಕಚ್ಚಿ ಕುಳಿತಿದ್ದೆ. ಅಕ್ಕನ ಮಗಳು ಅವ್ವನ ಕೈ ಹಿಡಿದು ಪಕ್ಕದಲ್ಲಿದ್ದಳು.

ಆಗ ನಮ್ಮ ಅತ್ತೆ ಎದೆ ಬಡಿದುಕೊಂಡು ಅತ್ತರು. "ಎಷ್ಟ ಸಹನಿ ಇತ್ತವ್ವಾ ನನ್ನ ಸೊಸೀಗೆ! ಒಂದ ದಿನ ನನಗ ಎದುರ ಮಾತಾಡಿದಾಕಿ ಅಲ್ಲ!"

ಹೆಂಗಸರು ತಲೆಯಾಡಿಸಿದರು. ಹೌದವ್ವಾ, ಭೂಮಿತೂಕದ ಸಹನೆ ಎಂದರು. ಆಕೆಯ ಬೈಗುಳ ತಿಂದವರೂ ಅಂದರು. ಕಣ್ಣೆದುರೇ ಅವರು ಆಕೆಯ ಇಡೀ ಬದುಕನ್ನು ಅಳಿಸಿ, ಅಲ್ಲಿ ಬೇರೊಬ್ಬಳನ್ನು ಕೂರಿಸುತ್ತಿದ್ದರು. ಬಾಯಿಲ್ಲದ, ತಂಟೆಯಿಲ್ಲದ, ಎಲ್ಲವನ್ನೂ ನುಂಗಿಕೊಂಡು ಹೋದ ಒಬ್ಬ ಒಳ್ಳೆಯ ಸೊಸೆಯನ್ನು. ಎದ್ದು ನಿಂತೆ.

"ಸುಳ್ಳ ಹೇಳಬ್ಯಾಡ್ರಿ ಅತ್ತಿ. ಅಕ್ಕ ದಿನಾ ನಿಮಗ ಎದುರ ಮಾತಾಡ್ತಿದ್ಲು. ಆಕಿ ಮಾತಾಡಿದ್ದಕ್ಕ ನಾ ಇಲ್ಲಿ ಜೀವಂತ ನಿಂತೇನಿ. ನನ್ನ ಸಣ್ಣ ಮಗಳು ಅಲ್ಲಿ ಅಂಗಳದಾಗ ಆಡಾಕತ್ತಾಳ."

 ಹಿರಿಯ ಹೆಂಗಸೊಬ್ಬಳು ನನ್ನ ಸೀರೆ ಜಗ್ಗಿ, "ಸುಮ್ಕಿರವಾ. ಹೆಣದ ಮುಂದ ಜಗಳ ಬ್ಯಾಡ," ಎಂದಳು.

"ಹೆಣದ ಮುಂದ ಸುಳ್ಳೂ ಬ್ಯಾಡ," ಎಂದೆ.

ಅಕ್ಕನ ಮಗಳು ಎದ್ದು ಬಂದು ನನ್ನ ಪಕ್ಕ ನಿಂತಳು. ಆಮೇಲೆ ಮಣ್ಣಿಗೆ ಒಯ್ಯುವವರೆಗೂ ಆ ಮನೆಯಲ್ಲಿ ಆಕೆಯ ಸಹನೆಯ ಮಾತು ಯಾರೂ ಎತ್ತಲಿಲ್ಲ.